ಬಾಗಿಲು ತೆರೆದಿರಲಿ, ಕೈಗೆ ದುಡ್ಡು ಬೇಡ: ಬೆಳೆದ ಮಕ್ಕಳ ಕಾಯಿಲೆ, ಹೆತ್ತವರ ಎಲ್ಲೆ



ವೈದ್ಯಕೀಯ ನೆರವು ನಿಧಿಗೆ ಹೃದಯದ ಶಸ್ತ್ರಚಿಕಿತ್ಸೆಗೆಂದೋ ಡಯಾಲಿಸಿಸ್‌ಗೆಂದೋ ಅರ್ಜಿ ಬಂದರೆ ಅದರ ಜೊತೆ ಆಸ್ಪತ್ರೆಯ ಫೈಲು ಇರುತ್ತದೆ, ಖರ್ಚಿನ ಅಂದಾಜು ಇರುತ್ತದೆ, ಜೊತೆಗೆ ನಾಲ್ಕು ಜನ ನೆಂಟರೂ ಇರುತ್ತಾರೆ. ಇನ್ನೊಂದು ಬಗೆಯ ಕಾಯಿಲೆಗೆ ಇದಾವುದೂ ಇರುವುದಿಲ್ಲ. ಮೂವತ್ತು ದಾಟಿದ ಮಗ ಕುಡಿತಕ್ಕೆ ಬಿದ್ದಿದ್ದಾನೆ. ಓದಿದ ಮಗಳು ಕೆಲಸ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದಾಳೆ. ಮೊಬೈಲಿನ ಜೂಜಿನಲ್ಲಿ ಸಾಲ ಮಾಡಿಕೊಂಡ ಹುಡುಗ ಮನೆಯವರ ಮೇಲೆ ಕೈ ಮಾಡುತ್ತಿದ್ದಾನೆ. ಇಂಥ ಮನೆಯಿಂದ ತಾಯಿ ಒಬ್ಬರೇ ಬರುತ್ತಾರೆ. ಅವರು ಕೇಳುವುದೂ ಚಿಕಿತ್ಸೆಯ ಖರ್ಚನ್ನಲ್ಲ. ಸಾಲಗಾರರ ಬಾಯಿ ಮುಚ್ಚಿಸಲು ಒಂದಿಷ್ಟು ಹಣ.

ಕಾಚಿಗೂಡದ ಕನ್ನಡಿಗರು ಒಬ್ಬರನ್ನೊಬ್ಬರು ಬಲ್ಲವರು. ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದು ನೆಲೆಸಿದವರು, ನೃಪತುಂಗ ಶಾಲೆಯಲ್ಲಿ ಮಕ್ಕಳನ್ನು ಓದಿಸಿದವರು, ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಪಕ್ಕಪಕ್ಕ ಕುಳಿತವರು. ಈ ನಂಟು ಕಷ್ಟದಲ್ಲಿ ಆಸರೆ ನಿಜ. ಆದರೆ ಇದೇ ಕಾರಣಕ್ಕೆ ‘ಮನೆಯ ಗುಟ್ಟು ರಟ್ಟಾದೀತು’ ಎಂಬ ಅಂಜಿಕೆಯೂ ಹೆಚ್ಚು. ಹೀಗಾಗಿ ಈ ಕಾಯಿಲೆ ನಮ್ಮ ನಿಧಿಯ ತನಕ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಎಷ್ಟೋ ಸಲ ಅದು ಮಗನ ಹೆಸರಿನಲ್ಲಿ ಬರುವುದೂ ಇಲ್ಲ. ಸಾಲ ತೀರಿಸಲೆಂದು ತಮ್ಮ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಹಾಸಿಗೆ ಹಿಡಿದ ತಂದೆತಾಯಿಯ ಹೆಸರಿನಲ್ಲಿ ಬರುತ್ತದೆ.

ಇಂಥ ಮನೆಗೆ ಏನು ಕೊಟ್ಟರೆ ನೆರವು, ಏನು ಕೊಟ್ಟರೆ ಹಾನಿ ಎಂಬುದನ್ನು ತಂದೆತಾಯಿಗಳೂ ದಾನಿಗಳೂ ಒಟ್ಟಿಗೆ ತಿಳಿದುಕೊಳ್ಳಬೇಕು. ಹೇಳಬೇಕಾದ ಮಾತು ಒಂದೇ: ಮಗನಿಗೆ ಕೊಡಿ, ಮಗನ ಕಾಯಿಲೆಗೆ ಕೊಡಬೇಡಿ. ಇವೆರಡರ ನಡುವಿನ ಗೆರೆಯನ್ನೇ ಇಲ್ಲಿ ಎಲ್ಲೆ ಎಂದು ಕರೆದಿದ್ದೇವೆ.

ಇದು ಕಾಯಿಲೆಯೇ? ತಪ್ಪು ಯಾರದು?

ಕುಡಿತದ ಅವಲಂಬನೆ, ಖಿನ್ನತೆ, ಸ್ಕಿಜೋಫ್ರೇನಿಯಾ, ಬೈಪೋಲಾರ್ ಇವೆಲ್ಲವೂ ವೈದ್ಯಶಾಸ್ತ್ರ ಗುರುತಿಸಿದ ಕಾಯಿಲೆಗಳು. ದೀರ್ಘಕಾಲ ಕುಡಿದವರ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅದಿಲ್ಲದಿದ್ದರೆ ಕೈ ನಡುಗುತ್ತದೆ, ನಿದ್ದೆ ಬಾರದು, ಮೈ ಬೆವರುತ್ತದೆ. ‘ಮನಸ್ಸು ಮಾಡಿದರೆ ಬಿಡಬಹುದು’ ಎಂಬ ಮಾತು ಇಲ್ಲಿ ಅರ್ಧ ಸತ್ಯ. ಮನಸ್ಸು ಬೇಕು, ಜೊತೆಗೆ ಔಷಧಿಯೂ ಬೇಕು.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಅದರಿಂದಾದ ತೊಂದರೆಗೆ ನೆರವು ಬೇಕಾಗಿದೆ. ಆದರೆ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಆರೈಕೆ ನಡೆಯುತ್ತಿರುವುದು ಮನೆಯಲ್ಲೇ, ತಂದೆತಾಯಿ ಅಥವಾ ಹೆಂಡತಿಯ ಕೈಯಲ್ಲಿ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಇಂಥ ತಾಯಿಯ ಮುಂದೆ ಆಡುವವರಿಗೆ ಕೊರತೆಯಿಲ್ಲ. ಬೆಳೆಸಿದ್ದರಲ್ಲೇ ತಪ್ಪಾಯಿತು ಎಂಬ ಆಪಾದನೆ ಅದರಲ್ಲಿದೆ. ಅದೇ ಅಪ್ಪ ಅಮ್ಮ ಬೆಳೆಸಿದ ಒಬ್ಬ ಮಗ ಕುಡಿಯುತ್ತಾನೆ, ಇನ್ನೊಬ್ಬ ಮುಟ್ಟುವುದಿಲ್ಲ. ವಂಶವಾಹಿ, ವಯಸ್ಸು, ಸಹವಾಸ, ಆಘಾತ, ನಿರುದ್ಯೋಗ ಹೀಗೆ ಕಾರಣ ಹತ್ತಾರು. ಕಾಯಿಲೆಯನ್ನು ತಂದೆತಾಯಿ ತಂದಿಟ್ಟಿಲ್ಲ. ಅದನ್ನು ಅವರೊಬ್ಬರೇ ವಾಸಿ ಮಾಡಲೂ ಆಗದು. ಅವರ ಕೈಯಲ್ಲಿರುವುದು ತಾವು ಹೇಗೆ ನಡೆದುಕೊಳ್ಳಬೇಕೆಂಬುದು ಮಾತ್ರ. ಅದು ಸಣ್ಣ ವಿಷಯವಲ್ಲ.

ಎಲ್ಲೆ ಎಂದರೆ ಗೋಡೆಯಲ್ಲ

ಹೊಲದ ಬದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬದು ಎರಡು ಹೊಲಗಳನ್ನು ಬೇರೆ ಮಾಡುತ್ತದೆ, ಆದರೆ ದಾಟಲು ತಡೆಯಲ್ಲ. ಮಳೆ ನೀರನ್ನು ನಿಲ್ಲಿಸಿ ಎರಡೂ ಕಡೆಯ ಮಣ್ಣು ಕೊಚ್ಚಿ ಹೋಗದಂತೆ ಕಾಯುತ್ತದೆ. ಬದು ಒಡೆದರೆ ಇಬ್ಬರ ಹೊಲವೂ ಹಾಳು.

ಎಲ್ಲೆಗೂ ಶಿಕ್ಷೆಗೂ ಇರುವ ವ್ಯತ್ಯಾಸ ಇದು. ‘ನೀನು ಕುಡಿಯಕೂಡದು’ ಎಂಬುದು ಅಪ್ಪಣೆ. ಬೆಳೆದ ಮಗನ ಮೇಲೆ ಅದು ನಡೆಯುವುದಿಲ್ಲ. ‘ಕುಡಿದರೆ ಕಾಲು ಮುರಿಯುತ್ತೇನೆ’ ಎಂಬುದು ಬೆದರಿಕೆ. ಹೇಳಿದವರೇ ಅದನ್ನು ನಡೆಸುವುದಿಲ್ಲ. ‘ನೀನು ಕುಡಿದು ಬಂದಾಗ ನಾನು ನಿನ್ನೊಂದಿಗೆ ವಾದಕ್ಕೆ ಇಳಿಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ’ ಎಂಬುದು ಎಲ್ಲೆ. ಅದು ಹೇಳುವವರು ತಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬುದರ ಬಗ್ಗೆ ಇರುತ್ತದೆ. ಆದ್ದರಿಂದ ಅದನ್ನು ಪಾಲಿಸುವ ಶಕ್ತಿ ಅವರ ಕೈಯಲ್ಲೇ ಇರುತ್ತದೆ.

ಯಾವುದು ನೆರವು, ಯಾವುದು ಕಾಯಿಲೆಗೆ ಗೊಬ್ಬರ

‘ಹೆತ್ತವರಿಗೆ ಹೆಗ್ಗಣ ಮುದ್ದು.’ ಮುದ್ದಿನಲ್ಲಿ ತಪ್ಪಿಲ್ಲ. ಆದರೆ ಒಂದೊಂದು ಕೆಲಸಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಾನು ಹೀಗೆ ಮಾಡಿದರೆ ನಾಳೆ ಅವನು ಚಿಕಿತ್ಸೆಗೆ ಹತ್ತಿರವಾಗುತ್ತಾನೋ, ಕಾಯಿಲೆಗೆ ಹತ್ತಿರವಾಗುತ್ತಾನೋ?

ಊಟ ಕೊಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಔಷಧಿ ಅಂಗಡಿಗೆ ನೇರವಾಗಿ ಬಿಲ್ ಕಟ್ಟುವುದು, ಮೊಮ್ಮಕ್ಕಳ ಶಾಲೆಯ ಫೀಸನ್ನು ಶಾಲೆಗೇ ಕಟ್ಟುವುದು, ಅವನು ನೆಟ್ಟಗಿರುವ ದಿನ ಕೂತು ನಗುತ್ತಾ ಮಾತಾಡುವುದು, ಇವೆಲ್ಲ ಮಗನಿಗೆ ಸಲ್ಲುತ್ತವೆ.

ಕೈಗೆ ನೋಟು ಕೊಡುವುದು, ಎ.ಟಿ.ಎಂ. ಕಾರ್ಡಿನ ಪಿನ್ ಹೇಳುವುದು, ತಾಯಿಯ ಬಂಗಾರವನ್ನು ಗೋಲ್ಡ್ ಲೋನಿಗೆ ಇಡುವುದು, ಚೀಟಿ ಎತ್ತಿ ಜೂಜಿನ ಸಾಲ ತೀರಿಸುವುದು, ‘ಜ್ವರ ಬಂದಿದೆ’ ಎಂದು ಆಫೀಸಿಗೆ ಸುಳ್ಳು ಹೇಳುವುದು, ಇವು ಕಾಯಿಲೆಗೆ ಸಲ್ಲುತ್ತವೆ. ಕುಡಿತದಿಂದ ಬರುವ ನಷ್ಟವನ್ನೆಲ್ಲ ಬೇರೆಯವರೇ ತುಂಬಿಕೊಡುತ್ತಿದ್ದರೆ ಕುಡಿಯುವವನಿಗೆ ನಷ್ಟ ಕಾಣುವುದೇ ಇಲ್ಲ. ಚಿಕಿತ್ಸೆಗೆ ಒಪ್ಪಲು ಕಾರಣವೂ ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಹಣ ನಿಲ್ಲಿಸಿದ ಮೊದಲ ದಿನಗಳಲ್ಲಿ ಮನೆ ಶಾಂತವಾಗುವುದಿಲ್ಲ, ಜಗಳ ಹೆಚ್ಚುತ್ತದೆ. ಒಂಬತ್ತು ಸಲ ಇಲ್ಲವೆಂದು ಹತ್ತನೆಯ ಸಲ ಕೊಟ್ಟರೆ ಅವನು ಕಲಿಯುವುದು ‘ಹತ್ತು ಸಲ ಕೇಳಬೇಕು’ ಎಂಬುದನ್ನು. ಆದ್ದರಿಂದ ಪಾಲಿಸಲಾಗದ ಎಲ್ಲೆಯನ್ನು ಹಾಕಲೇಬಾರದು. ಸಣ್ಣದೊಂದರಿಂದ ಶುರುಮಾಡಿ ಅದನ್ನು ಗಟ್ಟಿಯಾಗಿ ಹಿಡಿಯುವುದು ಮೇಲು.

ಹೇಗೆ ಹೇಳಬೇಕು

ಅವನು ನೆಟ್ಟಗಿರುವ ಹೊತ್ತು ಆರಿಸಿಕೊಳ್ಳಿ. ಬೆಳಿಗ್ಗೆ ಒಳ್ಳೆಯದು. ನೆಂಟರು, ನೆರೆಯವರು, ಅವನ ಮಕ್ಕಳು ಎದುರಿಗಿರಬಾರದು. ತಂದೆತಾಯಿ ಇಬ್ಬರೂ ಮೊದಲೇ ಮಾತಾಡಿಕೊಂಡು ಒಂದೇ ಮಾತಿಗೆ ಬಂದಿರಬೇಕು. ಹಳೆಯ ಲೆಕ್ಕ ತೆಗೆಯಬೇಡಿ, ಬೇರೆಯವರ ಮಗನ ಜೊತೆ ಹೋಲಿಸಬೇಡಿ. ಮಾತು ಚಿಕ್ಕದಾಗಿರಲಿ. ನಮ್ಮ ಕಡೆಯ ಒಬ್ಬ ತಾಯಿ ಹೀಗೆ ಹೇಳಬಹುದು:

“ಮಗಾ, ಊಟ ಮನ್ಯಾಗ ಅದ, ಯಾವಾಗ ಬಂದ್ರೂ ಉಣ್ಣು. ಇವತ್ತಿನಿಂದ ರೊಕ್ಕ ಮಾತ್ರ ಕೈಗೆ ಕೊಡಂಗಿಲ್ಲ. ದವಾಖಾನಿಗೆ ಹೋಗೂದಿದ್ರ ನಾನೂ ನಿಮ್ಮಪ್ಪನೂ ಸಂಗಟ ಬರ್ತೀವಿ, ಖರ್ಚು ನಮ್ದು.”

ಇದರಲ್ಲಿ ಮೂರು ಸಂಗತಿಗಳಿವೆ: ನೀನು ನಮ್ಮವನು, ಇದನ್ನು ಮಾಡುವುದಿಲ್ಲ, ಇದನ್ನು ಮಾಡುತ್ತೇವೆ. ಮೂರರಲ್ಲಿ ಒಂದು ಬಿಟ್ಟರೂ ಮಾತು ಕೆಡುತ್ತದೆ. ಮೊದಲನೆಯದಿಲ್ಲದಿದ್ದರೆ ಅದು ಹೊರಹಾಕುವ ಮಾತಾಗುತ್ತದೆ. ಎರಡನೆಯದಿಲ್ಲದಿದ್ದರೆ ಬರೀ ಬೇಡಿಕೆ. ಮೂರನೆಯದಿಲ್ಲದಿದ್ದರೆ ಅವನಿಗೆ ಹೋಗಲು ದಾರಿಯೇ ಉಳಿಯುವುದಿಲ್ಲ.

ಕುಡಿದು ಬಂದ ರಾತ್ರಿ ಉಪದೇಶ ಬೇಡ. “ಈಗ ಮಾತು ಬ್ಯಾಡ, ಮುಂಜಾನಿ ಕೂತು ಮಾತಾಡೋಣ” ಎಂದು ಸರಿದುಬಿಡಿ. ಕುಡಿಯದ ದಿನ, ಮಾತ್ರೆ ತಪ್ಪದೆ ನುಂಗಿದ ವಾರ ಅದನ್ನು ಗಮನಿಸಿ ಒಂದು ಒಳ್ಳೆಯ ಮಾತು ಆಡಿ. ನಮ್ಮ ಮನೆಗಳಲ್ಲಿ ಬೈಗುಳಕ್ಕೆ ಸಮಯ ಸಿಗುತ್ತದೆ, ಈ ಮಾತಿಗೆ ಸಿಗುವುದಿಲ್ಲ.

ಒಂದು ಬಾಗಿಲು ಮುಚ್ಚಿದರೆ ಹಿತ್ತಲ ಬಾಗಿಲು

ಕೂಡು ಕುಟುಂಬದ ತೊಡಕು ಬೇರೆಯೇ ಇದೆ. ಅಪ್ಪ ಇಲ್ಲವೆಂದರೆ ಅಮ್ಮ ಸಾಸಿವೆ ಡಬ್ಬಿಯಿಂದ ತೆಗೆದುಕೊಡುತ್ತಾಳೆ. ಅಮ್ಮ ಇಲ್ಲವೆಂದರೆ ಬೆಂಗಳೂರಿನ ಅಕ್ಕ ಫೋನ್‌ಪೇ ಮಾಡುತ್ತಾಳೆ. ಅವಳೂ ಇಲ್ಲವೆಂದರೆ ಕಲಬುರಗಿಯ ಸೋದರಮಾವ ಇದ್ದಾನೆ. ಎಲ್ಲರೂ ಕೊಡುವುದು ಕರುಣೆಯಿಂದಲೇ. ಆದರೆ ಒಬ್ಬರು ಹಿಡಿದ ಎಲ್ಲೆಯನ್ನು ಇನ್ನೊಬ್ಬರು ಒಡೆಯುತ್ತಿದ್ದರೆ ಹಿಡಿದವರು ಕೆಟ್ಟವರೆನಿಸಿಕೊಳ್ಳುವುದಷ್ಟೇ ಉಳಿಯುತ್ತದೆ. ಆದ್ದರಿಂದ ಈ ನಾಲ್ಕೈದು ಜನರಿಗೆ ವಿಷಯ ಮುಚ್ಚಿಡದೆ ಹೇಳಬೇಕು. ಗುಟ್ಟು ಊರಿಗೆಲ್ಲ ತಿಳಿಯಬೇಕಿಲ್ಲ, ಹಣ ಕೊಡಬಲ್ಲವರಿಗೆ ತಿಳಿದರೆ ಸಾಕು.

ಇನ್ನೊಂದು ಸಲಹೆ ಎಲ್ಲ ಮನೆಗಳಿಗೂ ಬರುತ್ತದೆ: ‘ಮದುವೆ ಮಾಡಿರಿ, ಜವಾಬ್ದಾರಿ ಬಂದರೆ ಸರಿಹೋಗುತ್ತಾನೆ.’ ಮದುವೆ ಯಾವ ಮಾನಸಿಕ ಕಾಯಿಲೆಗೂ ಔಷಧಿಯಲ್ಲ. ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ತಂದೆತಾಯಿ ಹೊತ್ತಿದ್ದ ಭಾರ ಏನೂ ಅರಿಯದ ಇನ್ನೊಬ್ಬರ ಮಗಳ ತಲೆಗೆ ಹೋಗುತ್ತದೆ. ಈಗಾಗಲೇ ಮದುವೆಯಾಗಿದ್ದರೆ ‘ಹೊಂದಿಕೊಂಡು ಹೋಗಮ್ಮ’ ಎಂದು ಸೊಸೆಗೆ ಹೇಳುವುದು ಎಲ್ಲೆಯಲ್ಲ. ಮೊದಲು ಅವಳ ಮತ್ತು ಮೊಮ್ಮಕ್ಕಳ ಸುರಕ್ಷತೆ.

ಗಾಣಗಾಪುರಕ್ಕೆ ಹೋಗಿ ಬರುತ್ತೇವೆ, ಹರಕೆ ಹೊತ್ತಿದ್ದೇವೆ ಎನ್ನುವವರಿದ್ದಾರೆ. ಹೋಗಿ ಬನ್ನಿ, ಮನಸ್ಸಿಗೆ ಬಲ ಬರುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ದಾರಿಯಲ್ಲಿ ಬಿಡಬೇಡಿ.

‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂಬ ಪುಡಿ, ಹನಿಗಳ ಜಾಹೀರಾತಿಗೆ ಮರುಳಾಗಲೇಬೇಡಿ. ಕುಡಿತ ಬಿಡಿಸಲು ವೈದ್ಯರು ಬಳಸುವ ಡೈಸಲ್ಫಿರಾಮ್ ಎಂಬ ಮಾತ್ರೆ ಒಳಗಿದ್ದಾಗ ಮದ್ಯ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿಯೇ ಕೊಡಬೇಕು.

ಸಂಶೋಧನೆ ಏನು ಹೇಳುತ್ತದೆ

ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಿಂದ ಸ್ಕಿಜೋಫ್ರೇನಿಯಾ ರೋಗಿಗಳು ಆಸ್ಪತ್ರೆಯಿಂದ ಮನೆಗೆ ಹೋದಮೇಲೆ ಏನಾಗುತ್ತದೆಂದು ಅಧ್ಯಯನ ಮಾಡಿದರು. ಸದಾ ಟೀಕೆ, ದ್ವೇಷದ ಮಾತು ಇರುವ ಮನೆಗಳಲ್ಲೂ, ಮಿತಿಮೀರಿ ರೋಗಿಯ ಬದುಕಿನೊಳಗೆ ನುಗ್ಗುವ ಮನೆಗಳಲ್ಲೂ ಕಾಯಿಲೆ ಹೆಚ್ಚಾಗಿ ಮರುಕಳಿಸುವುದು ಕಂಡುಬಂತು. ಮುಂದೆ ಚಂಡೀಗಢದಲ್ಲಿ ಡಾ. ಎನ್. ಎನ್. ವಿಗ್ ಮತ್ತು ಸಂಗಡಿಗರು ಲಂಡನ್ನಿನ ಡಾ. ಜೂಲಿಯನ್ ಲೆಫ್ ಅವರೊಂದಿಗೆ ಇದೇ ಅಧ್ಯಯನ ನಡೆಸಿ 1987ರಲ್ಲಿ ಪ್ರಕಟಿಸಿದರು. ಇಲ್ಲಿನ ಕುಟುಂಬಗಳಲ್ಲಿ ಅಂಥ ಟೀಕೆ, ಅತಿಯಾದ ಹಸ್ತಕ್ಷೇಪ ಲಂಡನ್ನಿಗಿಂತ ಕಡಿಮೆ ಇತ್ತು. ನಮ್ಮ ಮನೆಗಳ ತಾಳ್ಮೆ ಒಂದು ಆಸ್ತಿ ಎಂದಾಯಿತು. ಎಲ್ಲೆಯ ಕೆಲಸ ಆ ತಾಳ್ಮೆಯನ್ನು ಉಳಿಸಿಕೊಳ್ಳುವುದೇ. ದಿನವೂ ಕೊಟ್ಟು, ದಿನವೂ ಬೈಯುವ ಮನೆಯಲ್ಲಿ ಅದು ಬೇಗ ಬತ್ತುತ್ತದೆ.

ಇನ್ನೊಂದು ಅಧ್ಯಯನ ಅಮೆರಿಕದ್ದು. ಚಿಕಿತ್ಸೆಗೆ ಒಪ್ಪದ ಕುಡುಕರ ಮನೆಯವರಿಗೆ ತರಬೇತಿ ಕೊಡುವ ‘ಕ್ರಾಫ್ಟ್’ ಎಂಬ ವಿಧಾನವನ್ನು ರಾಬರ್ಟ್ ಮೇಯರ್ಸ್ ರೂಪಿಸಿದರು. ಇಲ್ಲಿ ಮನೆಯವರು ಕಲಿಯುವುದು ಜಗಳವಾಡದೆ ಮಾತಾಡುವುದನ್ನು, ಕುಡಿಯದ ದಿನವನ್ನು ಹುರಿದುಂಬಿಸುವುದನ್ನು, ಕುಡಿತದ ಫಲವನ್ನು ತಾವು ತುಂಬಿಕೊಡದಿರುವುದನ್ನು, ಸರಿಯಾದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದನ್ನು. 130 ಕುಟುಂಬ ಸದಸ್ಯರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಧಾನದಿಂದ ಶೇ. 64ರಷ್ಟು ಕುಡುಕರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರಿಗೆ ಕೂರಿಸಿ ಒತ್ತಾಯಿಸುವ ವಿಧಾನದಿಂದ ಬಂದವರು ಶೇ. 30. ನಾವು ಸಾಮಾನ್ಯವಾಗಿ ಮಾಡುವುದು ಈ ಎರಡನೆಯದನ್ನು: ಹಿರಿಯರನ್ನು ಕರೆಸಿ, ನಡುಮನೆಯಲ್ಲಿ ಕೂರಿಸಿ, ಆಣೆ ಹಾಕಿಸುವುದು.

ಎಲ್ಲೆಯ ಮಾತು ಎಲ್ಲಿ ನಡೆಯದು

ನಾಲ್ಕು ಸಂದರ್ಭಗಳಲ್ಲಿ ‘ಗಟ್ಟಿಯಾಗಿರಿ’ ಎಂಬ ಸಲಹೆ ಸಾಲದು. ಕೆಲವೊಮ್ಮೆ ಅದೇ ಅಪಾಯ.

ಒಂದು, ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಸಂಭವಿಸಬಹುದು. ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಸಾಹಸ ಬೇಡ, ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡು, ಯಾರೋ ಮಾತಾಡಿದಂತೆ ಕೇಳಿಸುತ್ತಿದೆ, ಊಟದಲ್ಲಿ ವಿಷ ಹಾಕಿದ್ದಾರೆ ಎನ್ನುವ ಮಗ ಅಥವಾ ಮಗಳು. ಅವರಿಗೆ ಷರತ್ತು ಅರ್ಥವಾಗುವ ಸ್ಥಿತಿ ಇರುವುದಿಲ್ಲ. ವಾದ ಬೇಡ, ಹೊರಗೆ ಹಾಕುವುದು ಬೇಡವೇ ಬೇಡ. ಅವರಿಗೆ ಬೇಕಾಗಿರುವುದು ಮನೋವೈದ್ಯರು. ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ 2017ರ ಪ್ರಕಾರ, ರೋಗಿ ಒಪ್ಪದಿದ್ದರೂ ಅಪಾಯದ ಸ್ಥಿತಿಯಲ್ಲಿದ್ದರೆ ಆತನ ಪರವಾಗಿ ನೇಮಕವಾದ ಪ್ರತಿನಿಧಿಯ ಅರ್ಜಿಯ ಮೇಲೆ, ವೈದ್ಯಕೀಯ ಪರೀಕ್ಷೆಯ ನಂತರ 30 ದಿನಗಳ ತನಕ ದಾಖಲಿಸಿಕೊಳ್ಳಲು ಅವಕಾಶವಿದೆ.

ಮೂರು, ‘ದುಡ್ಡು ಕೊಡದಿದ್ದರೆ ಸಾಯುತ್ತೇನೆ’ ಎಂಬ ಮಾತು. ಇದನ್ನು ನಾಟಕವೆಂದು ತಳ್ಳಿಹಾಕಬೇಡಿ, ‘ಹೋಗಿ ಸಾಯಿ’ ಎಂದು ಸವಾಲು ಹಾಕಬೇಡಿ, ಹಾಗೆಂದು ಹಣವನ್ನೂ ಕೊಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಮಾತ್ರೆ, ಕೀಟನಾಶಕ, ಹಗ್ಗ ಕೈಗೆ ಸಿಗದಂತೆ ಇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಏನಾದರೂ ಮಾಡಿಕೊಂಡಿದ್ದರೆ ಪೊಲೀಸ್ ಕೇಸಿನ ಅಂಜಿಕೆಯಿಂದ ಒಂದು ನಿಮಿಷವನ್ನೂ ಕಳೆಯಬೇಡಿ. ಅದೇ ಕಾಯಿದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ನಾಲ್ಕು, ಕೈ ಮಾಡಿದಾಗ. ಹೊಡೆತವನ್ನು ಸಹಿಸುವುದು ಪ್ರೀತಿಯಲ್ಲ. ಮೊದಲು ಆ ಜಾಗದಿಂದ ಹೊರಬನ್ನಿ, 112ಕ್ಕೆ ಕರೆ ಮಾಡಿ. ಮಹಿಳೆಯರಿಗೆ 181 ಇದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2005ರ ರಕ್ಷಣೆ ಹೆಂಡತಿಗೆ ಮಾತ್ರವಲ್ಲ, ಮಗನಿಂದ ಪೆಟ್ಟು ತಿನ್ನುವ ತಾಯಿಗೂ ಇದೆ.

ಮನೆ, ಸಾಲ, ಕಾನೂನು

‘ಮನೆ ನನ್ನ ಹೆಸರಿಗೆ ಮಾಡು’ ಎಂಬ ಒತ್ತಡ ಹಲವು ಮನೆಗಳಲ್ಲಿದೆ. ಒತ್ತಡದಲ್ಲಿದ್ದಾಗ ಯಾವ ಕಾಗದಕ್ಕೂ ಸಹಿ ಮಾಡಬೇಡಿ. ಹಿರಿಯ ನಾಗರಿಕರ ಕಾಯಿದೆ 2007ರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಆದ್ದರಿಂದ ಬರೆದುಕೊಡುವುದೇ ಆದರೆ ಷರತ್ತು ಪತ್ರದಲ್ಲೇ ಸ್ಪಷ್ಟವಾಗಿರಲಿ. ಇಲ್ಲಿ ಈ ಕಾಯಿದೆಯ ನ್ಯಾಯಮಂಡಳಿ ಇರುವುದು ಕಂದಾಯ ವಿಭಾಗಾಧಿಕಾರಿ ಅಂದರೆ ಆರ್.ಡಿ.ಒ. ಕಚೇರಿಯಲ್ಲಿ. ಹಿರಿಯರ ಸಹಾಯವಾಣಿ 14567.

ಸ್ವಂತ ದುಡಿಮೆಯಿಂದ ಕಟ್ಟಿದ ಮನೆಯಲ್ಲಿ ಬೆಳೆದ ಮಗ ಇರುವುದು ತಂದೆತಾಯಿಯ ಒಪ್ಪಿಗೆಯಿಂದಲೇ ಹೊರತು ಹಕ್ಕಿನಿಂದಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಪಿತ್ರಾರ್ಜಿತ ಆಸ್ತಿಯ ವಿಷಯ ಬೇರೆ, ಅಲ್ಲಿ ಪಾಲಿನ ಪ್ರಶ್ನೆ ಬರುತ್ತದೆ, ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ‘ನಮಗೂ ನಮ್ಮ ಮಗನಿಗೂ ಸಂಬಂಧವಿಲ್ಲ’ ಎಂದು ಪೇಪರಿನಲ್ಲಿ ಜಾಹೀರಾತು ಕೊಟ್ಟ ಮಾತ್ರಕ್ಕೆ ಕಾನೂನಿನ ಸಂಬಂಧ ಕಡಿಯುವುದಿಲ್ಲ, ಮನೆಯ ನೋವು ಊರಿಗೆ ತಿಳಿಯುತ್ತದೆ ಅಷ್ಟೆ.

ಬೆಳೆದ ಮಗ ಮಾಡಿದ ಸಾಲಕ್ಕೆ, ಜಾಮೀನು ಹಾಕದ ತಂದೆತಾಯಿ ಹೊಣೆಯಲ್ಲ. ಬ್ಯಾಂಕು, ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಸಾಲಗಾರರಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ಮನೆಯವರನ್ನು ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸ್ಪಷ್ಟಪಡಿಸಿದೆ. ಲೋನ್ ಆಪ್‌ನವರು ಬೆದರಿಸಿದರೆ ಹಣ ಹೊಂದಿಸಲು ಓಡುವ ಬದಲು ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಕಾಚಿಗೂಡದಿಂದ ಎಲ್ಲಿಗೆ ಹೋಗಬೇಕು

ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆ. ಮಲಕಪೇಟೆ ಅಥವಾ ಎಂ.ಜಿ.ಬಿ.ಎಸ್.ನಲ್ಲಿ ಮಿಯಾಪುರ ಕಡೆಯ ಮೆಟ್ರೊ ಹತ್ತಿದರೆ ಎರ್ರಗಡ್ಡ ನಿಲ್ದಾಣದಲ್ಲೇ ಇಳಿಯಬಹುದು. ಆ ಹೆಸರು ಕೇಳಿದರೆ ನಾಚಿಕೆ ಪಡುವ ಕಾಲ ಹೋಗಬೇಕು. ಉಸ್ಮಾನಿಯಾ ಮತ್ತು ಗಾಂಧಿ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನಲ್ಲಿ ನೆಂಟರಿರುವವರಿಗೆ ನಿಮ್ಹಾನ್ಸ್ ಇದೆ. ವ್ಯಸನ ಚಿಕಿತ್ಸೆಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ, ಕನ್ನಡದಲ್ಲೇ ಮಾತಾಡಬಹುದು.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಸೇವೆ. 14416, ಹಗಲು ರಾತ್ರಿ, 20 ಭಾಷೆಗಳಲ್ಲಿ. ಕನ್ನಡವೂ ತೆಲುಗೂ ಸೇರಿವೆ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ತಂದೆತಾಯಿಯೂ ಮಾಡಬಹುದು. ವ್ಯಸನಕ್ಕೆ ಪ್ರತ್ಯೇಕ ಸಂಖ್ಯೆ 14446. ಮಗ ಬರಲೊಪ್ಪದಿದ್ದರೆ ತಂದೆತಾಯಿ ತಾವೇ ಮೊದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಂಡು ಬರಬಹುದು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಶುರುವಾಗುವುದು ಹಾಗೆಯೇ.

ಊರಿನಲ್ಲಿರುವ ಬಂಧುಗಳಿಗೂ ತಿಳಿಸಿ, ಚಿಕಿತ್ಸೆ ದೂರದ ಮಾತಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಊರಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ ಬಳ್ಳಾರಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಕರ್ನಾಟಕದ ಹಳ್ಳಿಗಳಿಗೆ ಚಿರಪರಿಚಿತ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳ ಮೂಲಕ ನಂಟು ಉಳಿಸಿಕೊಳ್ಳುವುದು ಅವುಗಳಲ್ಲಿ ಗಮನಿಸಬೇಕಾದ ಅಂಶ. ಕುಡುಕರ ಮನೆಯವರಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲ್-ಅನಾನ್ ಕೂಟಗಳು ಈಗ ಭಾರತದಲ್ಲೂ ನಡೆಯುತ್ತವೆ. ಅಲ್ಲಿ ಸಿಗುವುದು ಉಪದೇಶವಲ್ಲ, ‘ನಮ್ಮ ಮನೆಯೊಂದೇ ಅಲ್ಲ’ ಎಂಬ ಸಮಾಧಾನ.

ದಾನಿಗಳು ಕೇಳುವ ಪ್ರಶ್ನೆ

‘ಚಿಕಿತ್ಸೆ ಮುಗಿಸಿ ಮತ್ತೆ ಕುಡಿದರೆ ನಮ್ಮ ಹಣ ನೀರುಪಾಲಲ್ಲವೇ?’ ನ್ಯಾಯವಾದ ಪ್ರಶ್ನೆ. ವ್ಯಸನ ಮರುಕಳಿಸುವ ಪ್ರಮಾಣ ಶೇ. 40ರಿಂದ 60 ಎಂದು ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಅಸ್ತಮಾ ಮರುಕಳಿಸುವುದಕ್ಕೆ ಇದು ಹೋಲುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಬಿ.ಪಿ. ಮತ್ತೆ ಏರಿದ ರೋಗಿಗೆ ‘ನಿನಗೆ ಕೊಟ್ಟ ಮಾತ್ರೆ ದಂಡ’ ಎಂದು ಯಾರೂ ಹೇಳುವುದಿಲ್ಲ, ಮಾತ್ರೆ ಬದಲಿಸುತ್ತಾರೆ. ಇಲ್ಲಿಯೂ ಹಾಗೆಯೇ. ಎರಡನೆಯ ಸಲ ದಾಖಲಾಗುವುದು ಸೋಲಲ್ಲ.

ಹೆತ್ತವರಿಗೆ ಹೇಳಿದ ನಿಯಮವನ್ನು ನಿಧಿಯೂ ಪಾಲಿಸಬೇಕಾಗುತ್ತದೆ. ಇಂಥ ಮನೆಗಳಿಗೆ ನಗದು ಕೊಡುವುದಿಲ್ಲ, ಸಾಲ ತೀರಿಸುವುದಿಲ್ಲ. ಕೊಡುವುದು ಆಸ್ಪತ್ರೆಗೆ, ಔಷಧಿ ಅಂಗಡಿಗೆ, ಪರೀಕ್ಷಾ ಕೇಂದ್ರಕ್ಕೆ, ಬಿಲ್ ನೋಡಿ ನೇರವಾಗಿ. ಮಗ ಇನ್ನೂ ಒಪ್ಪದಿದ್ದರೆ ತಂದೆತಾಯಿಯ ಸಮಾಲೋಚನೆಗೂ, ಅವರು ನಿಲ್ಲಿಸಿದ ಬಿ.ಪಿ., ಸಕ್ಕರೆ ಮಾತ್ರೆಗೂ ನೆರವು ಸಲ್ಲುತ್ತದೆ. ಮನೆಯ ಹೆಸರು ಈ ಪತ್ರಿಕೆಯಲ್ಲಾಗಲಿ ಸಭೆಯಲ್ಲಾಗಲಿ ಬರುವುದಿಲ್ಲ. ಆರೋಗ್ಯ ವಿಮೆ ಇದ್ದವರು ಮೊದಲು ಅದನ್ನು ಕೇಳಬೇಕು. ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯಿದೆ ಹೇಳಿದೆ.

ಸದಸ್ಯರಲ್ಲಿ ಎರಡು ಬಿನ್ನಹ. ಪರಿಚಯದ ಹುಡುಗ ಬಂದು ‘ಅಪ್ಪನಿಗೆ ಹೇಳಬೇಡಿ ಕಾಕಾ, ಐದು ನೂರು ಕೊಡಿ’ ಎಂದರೆ ಕೊಡಬೇಡಿ. ಚಹಾ ಕುಡಿಸಿ, ಊಟಕ್ಕೆ ಕರೆಯಿರಿ, ಆಸ್ಪತ್ರೆಗೆ ಜೊತೆಗೆ ಬರುತ್ತೇನೆಂದು ಹೇಳಿ. ಅವನ ಮನೆಯವರು ಕಷ್ಟಪಟ್ಟು ಹಿಡಿದ ಎಲ್ಲೆಯನ್ನು ನಮ್ಮ ಔದಾರ್ಯ ಒಡೆಯದಿರಲಿ. ಮತ್ತು ಮುಂದಿನ ಸಲ ದಾನದ ಹಣ ಕಳಿಸುವಾಗ ಹೃದಯ, ಮೂತ್ರಪಿಂಡಗಳ ಜೊತೆ ಈ ಕಾಯಿಲೆಯನ್ನೂ ನೆನೆಯಿರಿ. ಮಾನಸಿಕ ಚಿಕಿತ್ಸೆಯ ಮಾತ್ರೆಗಳು ಹೆಚ್ಚಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕಾಗುತ್ತವೆ. ಒಮ್ಮೆಲೇ ಕೊಡುವ ದೊಡ್ಡ ಮೊತ್ತಕ್ಕಿಂತ ಪ್ರತಿ ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ಇಂಥ ಮನೆಗೆ ಹೆಚ್ಚು ಉಪಯೋಗ.

ಇದನ್ನು ಓದುತ್ತಿರುವವರಲ್ಲೇ ಇಂಥ ಮನೆಯವರಿದ್ದರೆ, ಅರ್ಜಿಯ ನಮೂನೆಯಲ್ಲಿ ‘ಕಾಯಿಲೆ’ ಎಂಬ ಸಾಲಿನ ಮುಂದೆ ಉಳಿದ ಯಾವ ಕಾಯಿಲೆಯನ್ನು ಬರೆಯುವಂತೆಯೇ ಇದನ್ನೂ ಬರೆಯಿರಿ. ಸಾಲದ ಪಟ್ಟಿ ಬೇಡ, ವೈದ್ಯರ ಚೀಟಿ ತನ್ನಿ. ಚೀಟಿ ಇನ್ನೂ ಇಲ್ಲದಿದ್ದರೆ ಬರಿಗೈಯಲ್ಲೇ ಬನ್ನಿ, ಮೊದಲ ಸಲ ಆಸ್ಪತ್ರೆಗೆ ಹೋಗಲು ಜೊತೆಗೆ ಯಾರು ಬರಬಹುದೆಂಬುದನ್ನು ಕೂತು ಗೊತ್ತುಮಾಡೋಣ.